ಹಪ್ಪಳದ ಮನೆಗೆ ಪಂಚಾಯತಿನ ಕಾಗದ

ಕೇರಳದ ಪಂಚಾಯತ್ ರಾಜ್ ಕಾನೂನಿನ ಕಣ್ಣಿಗೆ ಅಡುಗೆಮನೆ ಅಡುಗೆಮನೆಯಾಗಿರುವುದು ಅಲ್ಲಿ ಬೇಯಿಸಿದ್ದನ್ನು ಮನೆಯವರೇ ತಿನ್ನುವಷ್ಟು ಕಾಲ ಮಾತ್ರ. ಅದೇ ಒಲೆಯಲ್ಲಿ ಬೆಂದ ಹಲಸಿನ ಸೊಳೆ ಹಪ್ಪಳವಾಗಿ, ಕಟ್ಟು ಕಟ್ಟಿಸಿಕೊಂಡು ಅಂಗಡಿಗೆ ಹೊರಟಿತೋ, ಲೈಸೆನ್ಸ್ ಎಲ್ಲಿ ಎಂದು ಕೇಳುವ, 1994ರ ಆ ಕಾನೂನಿನ 232ನೇ ಸೆಕ್ಷನ್ ಎದ್ದು ಕೂರುತ್ತದೆ. ಅರೆಯುವ ಕಲ್ಲಿಗೆ ಮೋಟಾರು ಇದ್ದರೆ, ಯಂತ್ರ ಕೂರಿಸಲು ಅನುಮತಿ ಕೇಳುವ 233 ಕೂಡ ಜತೆಗೆ ಬರುತ್ತದೆ. ಎರಡರ ಪರಿಚಯವೂ ನನಗಾದದ್ದು 2025ರ ಹಲಸಿನ ಕಾಲದಲ್ಲಿ.

ನಮ್ಮದು ಮಂಜೇಶ್ವರ ತಾಲೂಕಿನ ಒಳನಾಡು. ಗುಡ್ಡದ ಬುಡದಲ್ಲಿ ಮನೆ, ಕೆಳಗೆ ಅಡಕೆ ತೋಟ, ಸುತ್ತ ಹಲಸಿನ ಮರಗಳು. 2018ರ ಮಾರ್ಚ್‌ನಲ್ಲಿ ಹಲಸನ್ನು ರಾಜ್ಯದ ಹಣ್ಣು ಎಂದು ಕೇರಳ ಸರ್ಕಾರ ಘೋಷಿಸಿತು. ಮರದಡಿಯಲ್ಲಿ ಬಿದ್ದು ಕೊಳೆಯುವುದು ಅದರಿಂದೇನೂ ಕಡಿಮೆಯಾಗಲಿಲ್ಲ. ಅತ್ತೆ ಮೊದಲಿಂದಲೂ ಹಪ್ಪಳ ಮಾಡುತ್ತಿದ್ದವರು. ನೆಂಟರಿಗೆ, ಬೆಂಗಳೂರಿಗೆ ಹೋಗುವ ಮಕ್ಕಳ ಚೀಲಕ್ಕೆ, ಮದುವೆಮನೆಗೆ ಹೇಳಿಸಿಕೊಂಡು. ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಗುಂಪಿನ ಇಬ್ಬರು ಅಕ್ಕಂದಿರು ಕೈಜೋಡಿಸಿದ ಮೇಲೆ ಅದು ಮಾರಾಟದ ಪ್ರಮಾಣಕ್ಕೆ ಬಂತು. ಬೆಳಗ್ಗೆ ಕಾಯಿ ಕೊರೆದು ಸೊಳೆ ಬಿಡಿಸುವುದು, ಅಟ್ಟಿನಳಗೆಯಲ್ಲಿ ಬೇಯಿಸುವುದು, ಬಿಸಿ ಆರುವ ಮೊದಲೇ ಉಪ್ಪು ಮೆಣಸು ಜೀರಿಗೆ ಹಾಕಿ ಅರೆಯುವುದು, ಉಂಡೆ ಮಾಡಿ ಮಣೆಯಲ್ಲಿ ಒತ್ತುವುದು, ಅಂಗಳದ ಚಾಪೆಯಲ್ಲಿ ಹರಡುವುದು. ಮಧ್ಯಾಹ್ನದೊಳಗೆ ಹರಡಿ ಆಗಿರಬೇಕು. ಮಗುಚಿ ಹಾಕುವುದು, ಕಾಗೆ ಓಡಿಸುವುದು ಮಾವನ ಪಾಲಿನ ಕೆಲಸ.

ಮಂಗಳೂರಿನ ಒಂದು ಅಂಗಡಿಯವರು ತಿಂಗಳಿಗೆ ಇಷ್ಟು ಕಟ್ಟು ಎಂದು ಮಾತಾಡಿದರು. ಬೆಲೆಯೂ ಪರವಾಗಿರಲಿಲ್ಲ. ಆದರೆ ಆಹಾರ ಸುರಕ್ಷತೆಯ ಹದಿನಾಲ್ಕು ಅಂಕಿಯ ನಂಬ್ರ ಇಲ್ಲದ ಕಟ್ಟನ್ನು ಶೆಲ್ಫಿನಲ್ಲಿ ಇಡುವುದಿಲ್ಲ ಎಂದರು. ಅದೊಂದನ್ನು ಮಾಡಿಸಿ ಸುಮ್ಮನಿರಬಹುದಿತ್ತು. ಗ್ರೈಂಡರಿಗೂ ಒತ್ತುವ ಯಂತ್ರಕ್ಕೂ ಸಾಲ ಬೇಕಿತ್ತು. ಬ್ಯಾಂಕಿನವರು ಕೇಳಿದ್ದು ಪಂಚಾಯತಿನ ಕಾಗದ.

ಪಂಚಾಯತು ಕಚೇರಿಯಲ್ಲಿ ಕೈಗಾರಿಕಾ ಇಲಾಖೆಯ ಕಡೆಯಿಂದ ಒಬ್ಬಳು ಹುಡುಗಿ ಕೂರುತ್ತಾಳೆ. 2022ರಲ್ಲಿ ಸರ್ಕಾರ ‘ಉದ್ಯಮ ವರ್ಷ’ ಎಂದು ಮಾಡಿದಾಗ ಪ್ರತಿ ಸ್ಥಳೀಯಾಡಳಿತ ಸಂಸ್ಥೆಗೂ ಹೀಗೆ ಓದಿದ ಮಕ್ಕಳನ್ನು ಹಾಕಿದ್ದರಂತೆ. ಆಕೆ ಎರಡು ದಾರಿ ಹೇಳಿದಳು. ಒಂದು, ಕೆ-ಸ್ವಿಫ್ಟ್ ಎಂಬ ಜಾಲತಾಣದಲ್ಲಿ ಸ್ವಯಂ ಘೋಷಣೆ ಕೊಟ್ಟು ಸ್ವೀಕೃತಿ ಪತ್ರ ತೆಗೆಯುವುದು. 2019ರ ಕಾನೂನಿನ ಪ್ರಕಾರ ಆ ಪತ್ರ ಕೈಯಲ್ಲಿದ್ದರೆ ಮೂರು ವರ್ಷ ರಾಜ್ಯದ ಬೇರೆ ಲೈಸೆನ್ಸುಗಳಿಗೆ ಕಾಯಬೇಕಾಗಿಲ್ಲ. ಇನ್ನೊಂದು, ನೇರ ಪಂಚಾಯತಿಗೇ ಅರ್ಜಿ.

"ಚೇಚಿ, ಮೊದಲನೆಯದು ಹತ್ತು ನಿಮಿಷದ ಕೆಲಸ," ಎಂದಳು.

"ಮೂರು ವರ್ಷ ಕಳೆದ ಮೇಲೆ?"

"ಆಮೇಲೆ ಇದೆಲ್ಲ ಮಾಡಿಸಲೇಬೇಕು."

ಯಜಮಾನರಿಗೆ ಹತ್ತು ನಿಮಿಷದ ದಾರಿಯೇ ಹಿಡಿಸಿತು. ನನಗೆ ಹಿಡಿಸಲಿಲ್ಲ. ಸಾಲ ತೆಗೆದು ಯಂತ್ರ ಕೂರಿಸಿದ ಮೇಲೆ ಮೂರನೇ ವರ್ಷ ಯಾರೋ ಬಂದು ಈ ಕೋಣೆ ಆಗುವುದಿಲ್ಲ ಎಂದರೆ ಯಂತ್ರವನ್ನು ತಲೆಮೇಲೆ ಹೊತ್ತು ಹೋಗಲಿಕ್ಕಾಗುತ್ತದೆಯೇ? ಆಗುವುದಿಲ್ಲ ಎನ್ನುವುದಾದರೆ ಈಗಲೇ ಅನ್ನಲಿ ಎಂದು ಪಂಚಾಯತಿನ ಅರ್ಜಿಯನ್ನೇ ಹಿಡಿದೆ. ಸ್ವೀಕೃತಿ ಪತ್ರ ತೆಗೆದು ಸುಖವಾಗಿ ನಡೆಸುತ್ತಿರುವವರು ನಮ್ಮೂರಲ್ಲೇ ಇದ್ದಾರೆ, ಅದನ್ನೂ ಹೇಳಬೇಕು. ಆಹಾರದ ನಂಬ್ರ ಕೇಂದ್ರದ ಕಾನೂನಿನದು. ಕೆ-ಸ್ವಿಫ್ಟಿನವರಿಗೂ ಅದರಿಂದ ಬಿಡುಗಡೆ ಇಲ್ಲ.

ಹಳೆಯ ಕಾಲದಲ್ಲಿ ಇದಕ್ಕೆಲ್ಲ ‘ಡಿ ಆ್ಯಂಡ್ ಒ’ (ಡೇಂಜರಸ್ ಆ್ಯಂಡ್ ಅಫೆನ್ಸಿವ್) ಲೈಸೆನ್ಸ್ ಎಂದು ಹೆಸರು. ಈಗಲೂ ಊರಿನ ಬಾಯಲ್ಲಿ ಅದೇ. ಅಪಾಯಕಾರಿ ಮತ್ತು ಉಪದ್ರವಕಾರಿ ಕಸುಬುಗಳ ಪಟ್ಟಿಯಲ್ಲಿ ಹಪ್ಪಳದ ಒಲೆಯೂ ಸೇರಿತ್ತು ಎಂದರೆ ಅತ್ತೆ ನಂಬಲಿಲ್ಲ. ವಾಸದ ಮನೆಯ ನಂಬ್ರಕ್ಕೆ ಲೈಸೆನ್ಸ್ ಕೊಡಲು ಆಗ ದಾರಿಯೇ ಇರಲಿಲ್ಲ. ಹಾಗಾಗಿ ಕೆಲವರು ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಆ ನಂಬ್ರದಲ್ಲಿ ಕಾಗದ ಮಾಡಿಸಿ, ಕೆಲಸವನ್ನು ಮನೆಯಲ್ಲೇ ಮಾಡುತ್ತಿದ್ದರು. 2025ರಲ್ಲಿ ನಿಯಮ ಬದಲಾಯಿತು. ಮಾಲಿನ್ಯದ ಲೆಕ್ಕದಲ್ಲಿ ಬಿಳಿ, ಹಸಿರು (ಅಂದರೆ ಮಾಲಿನ್ಯ ತೀರಾ ಕಡಿಮೆ) ಎಂದು ಗುರುತಿಸಿದ ಕಸುಬುಗಳನ್ನು ಮನೆಯಲ್ಲೇ ನಡೆಸಬಹುದು, ಮನೆಯ ಅರ್ಧದಷ್ಟು ಜಾಗ ಅದಕ್ಕೆ ಬಳಸಬಹುದು ಎಂದಾಯಿತು. ನನ್ನ ಅರ್ಜಿ ಹೋದದ್ದು ಈ ಹೊಸ ಸಾಲಿನಲ್ಲಿ. ಅದೇ ವರ್ಷದ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯತುಗಳ ಕಂಪ್ಯೂಟರ್ ವ್ಯವಸ್ಥೆಯೂ ಹಳೆಯದರಿಂದ ಕೆ-ಸ್ಮಾರ್ಟಿಗೆ ಹೊರಳಿತು. ಕೌಂಟರಿನ ಗುಮಾಸ್ತರಿಗೂ ನನಗೂ ಎರಡೂ ಹೊಸತು. ಆ ದಿನಗಳಲ್ಲಿ ಅವರ ಸಿಡಿಮಿಡಿಯನ್ನು ನಾನು ತಪ್ಪಾಗಿ ಎಣಿಸಲಿಲ್ಲ.

ಅರ್ಧ ಮನೆ ಎಂಬ ಮಾತು ಕೇಳಲಿಕ್ಕೆ ಸುಲಭ. ಟೇಪು ಹಿಡಿದು ಅಳೆಯಲು ನಿಂತಾಗ ಅದರ ರುಚಿ ಗೊತ್ತಾಗುವುದು. ಹಪ್ಪಳದ ಕೆಲಸ ಮನೆಯೊಳಗೆ ಎಷ್ಟು ನಡೆಯುತ್ತದೆ? ಬೇಯಿಸುವುದು ಹಿಂದಿನ ಬಚ್ಚಲ ಕೊಟ್ಟಿಗೆಯ ಪಕ್ಕದ ಒಲೆಯಲ್ಲಿ. ಅರೆಯುವುದು, ಒತ್ತುವುದು ಹಿಂದಿನ ಜಗಲಿಯಲ್ಲಿ. ಒಣಗಿದ್ದನ್ನು ತುಂಬಿಡುವುದು ಒಂದು ಕೋಣೆಯಲ್ಲಿ. ಅತಿ ಹೆಚ್ಚು ಜಾಗ ಹಿಡಿಯುವುದು ಅಂಗಳ. ಅಂಗಳ ಕಟ್ಟಡ ಅಲ್ಲ, ಅದಕ್ಕೆ ಮಾಡು ಇಲ್ಲ, ನಕ್ಷೆಯಲ್ಲಿ ಅದು ಬರುವುದೂ ಇಲ್ಲ. ಹೀಗೆ ನಮ್ಮ ಉದ್ಯಮದ ಮುಕ್ಕಾಲು ಪಾಲು ಲೆಕ್ಕದಿಂದ ಹೊರಗೇ ಉಳಿಯಿತು. ಉಳಿದದ್ದು ಒಂದು ಜಗಲಿ, ಒಂದು ಕೋಣೆ. ಅರ್ಧಕ್ಕೆ ಎಷ್ಟೋ ಕಡಿಮೆ. ಗುಮಾಸ್ತರು ನಕ್ಷೆ ನೋಡಿ, "ಇಷ್ಟೇಯಾ?" ಎಂದರು. ಇಷ್ಟೇ ಎಂದೆ.

ಜಗಲಿಯನ್ನು ಮಾತ್ರ ಹಾಗೇ ಬಿಡಲಿಲ್ಲ. ಎರಡು ಬದಿಗೂ ಬಲೆ ಹಾಕಬೇಕು, ನೆಲಕ್ಕೆ ತೊಳೆಯಲು ಬರುವಂಥ ಹಾಸು ಬೇಕು, ಮನೆಯವರ ಅಡುಗೆಯೂ ಮಾರಾಟದ ಅಡುಗೆಯೂ ಒಂದೇ ಕಡೆ ಆಗಬಾರದು ಎಂದರು. ಮೂರೂ ನ್ಯಾಯವಾದ ಮಾತು. ಬಲೆ ಹಾಕಿದ ಮೇಲೆ ನೊಣದ ಕಾಟ ಕಡಿಮೆಯಾಗಿ ನಮಗೇ ಸುಖವಾಯಿತು. ಮನೆಯ ತೆರಿಗೆ ರಶೀದಿ ಮಾವನ ಹೆಸರಿನಲ್ಲಿದ್ದುದರಿಂದ ಅವರ ಒಪ್ಪಿಗೆ ಪತ್ರ ಬೇಕಾಯಿತು. "ನನ್ನ ಮನೆಯಲ್ಲಿ ನನ್ನ ಸೊಸೆ ಹಪ್ಪಳ ಮಾಡಲಿಕ್ಕೆ ನಾನು ಸರ್ಕಾರಕ್ಕೆ ಬರೆದುಕೊಡುವುದೆಂತ?" ಎಂದು ಮಾವ ಗೊಣಗಿಯೇ ರುಜು ಹಾಕಿದರು. ಹರಿತ ಕರ್ಮ ಸೇನೆಯವರಿಗೆ ತಿಂಗಳ ದುಡ್ಡು ಬಾಕಿ ಇಲ್ಲ ಎಂಬುದಕ್ಕೂ ರಶೀದಿ ಕೇಳಿದರು. ಪ್ಲಾಸ್ಟಿಕ್ ಒಯ್ಯುವ ಆ ಹೆಂಗಸರ ಕಾರ್ಡಿನಲ್ಲಿ ಪ್ರತಿ ತಿಂಗಳೂ ಗುರುತು ಬಿದ್ದಿತ್ತು, ಬಚಾವು.

ನಿಜವಾದ ತಕರಾರು ಬಂದದ್ದು ನೀರಿನಿಂದ. ನಮಗೆ ಬಾವಿ ಇಲ್ಲ. ಕುಡಿಯಲಿಕ್ಕೂ ತೋಟಕ್ಕೂ ಸುರಂಗದ ನೀರು. ಈ ಕಡೆಯವರಿಗೆ ವಿವರಿಸಬೇಕಾಗಿಲ್ಲ: ಗುಡ್ಡದ ಮುರಕಲ್ಲಿನೊಳಗೆ ಅಡ್ಡಡ್ಡವಾಗಿ, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಅಗಲಕ್ಕೆ ಕೊರೆದ ಮಾಟೆ. ಒರತೆ ಸಿಕ್ಕಿದಲ್ಲಿಂದ ನೀರು ತಾನಾಗಿ ಹರಿದು ಹೊರಗಿನ ತೊಟ್ಟಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಮಾವನ ಅಪ್ಪನ ಕಾಲದ್ದು ನಮ್ಮದು. ಉದ್ದವನ್ನು ಮಾವ ಈಗಲೂ ಕೋಲಿನ ಲೆಕ್ಕದಲ್ಲೇ ಹೇಳುವುದು. ಕಚೇರಿಯಲ್ಲಿ ಕೊಟ್ಟ ಹಾಳೆಯಲ್ಲಿ ನೀರಿನ ಮೂಲ ಎಂಬಲ್ಲಿ ಬಾವಿ, ಬೋರ್‌ವೆಲ್, ಪೈಪು ಎಂದು ಮೂರೇ ಇದ್ದವು.

ಪರಿಶೀಲನೆಗೆ ಬಂದ ಅಧಿಕಾರಿ ತೆಂಕಣ ಜಿಲ್ಲೆಯವರು. ಸುರಂಗ ಎಂದರೆ ರೈಲಿನದೋ ಎಂದು ಕೇಳಿದರು. ಕರೆದುಕೊಂಡು ಹೋಗಿ ತೋರಿಸಿದೆವು. ಟಾರ್ಚು ಹಾಕಿ ಸ್ವಲ್ಪ ದೂರ ಒಳಗೂ ಹೋದರು, ಬಾವಲಿ ಹಾರಿದ್ದೇ ಹೊರಗೆ ಬಂದರು. ಬಂದವರು ನಿಜಕ್ಕೂ ಬೆರಗಾಗಿದ್ದರು. ಯಾರು ತೋಡಿದ್ದು, ದಿಕ್ಕು ಹೇಗೆ ತಿಳಿಯುತ್ತಿತ್ತು, ಬೇಸಗೆಯಲ್ಲಿ ಬತ್ತುವುದಿಲ್ಲವೇ ಎಂದು ಮಾವನನ್ನು ಕೇಳಿದ್ದೇ ಕೇಳಿದ್ದು. ಮಾವನಿಗೆ ಹಪ್ಪಳದ ವಿಷಯ ಮರೆತೇ ಹೋಯಿತು.

ಬೆರಗು ಬೇರೆ, ನಿಯಮ ಬೇರೆ. ಕಟ್ಟಡ ನಿಯಮದಲ್ಲಿ ಕುಡಿಯುವ ನೀರಿನ ಬಾವಿಗೂ ಪಾಯಿಖಾನೆಯ ಇಂಗುಗುಂಡಿಗೂ ಏಳೂವರೆ ಮೀಟರ್ ಅಂತರ ಇರಬೇಕು. ಬಾವಿಯಾದರೆ ದಂಡೆಯಿಂದ ಅಳೆಯಬಹುದು. ಸುರಂಗವನ್ನು ಎಲ್ಲಿಂದ ಅಳೆಯುವುದು? ಬಾಯಿಂದಲೋ, ಒರತೆಯಿಂದಲೋ, ತೊಟ್ಟಿಯಿಂದಲೋ? ನಮ್ಮ ಗುಂಡಿ ತೊಟ್ಟಿಗಿಂತ ಎಷ್ಟೋ ಕೆಳಗೆ, ತೋಟದ ಬದಿಗೆ ಇದೆ. ಯಾವ ತುದಿಯಿಂದ ಹಿಡಿದರೂ ದೂರ ಸಾಕಷ್ಟಿತ್ತು. ಅಧಿಕಾರಿ ಮೂರೂ ಕಡೆಯಿಂದ ಅಳೆಸಿ ಮೂರನ್ನೂ ಬರೆದುಕೊಂಡರು. ಹಾಳೆಯಲ್ಲಿ ಬಾವಿ ಎಂಬುದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಮಲಯಾಳದಲ್ಲಿ ‘ತುರಂಕಂ’ ಎಂದು ಬರೆದರು. ತಲೆಗೆ ಬಂದದ್ದನ್ನು ಬರೆದು ಹೋಗದೆ ಗುಡ್ಡ ಹತ್ತಿ ನೋಡಿದ ಆ ಮನುಷ್ಯನ ಬಗ್ಗೆ ನನಗೆ ಈಗಲೂ ಗೌರವವಿದೆ.

ಆಮೇಲೆ ನೀರಿನ ಪರೀಕ್ಷೆ. ಪ್ರಯೋಗಾಲಯದವರೇ ಕೊಡುವ ಶುದ್ಧ ಮಾಡಿದ ಬಾಟಲಿಯಲ್ಲಿ ನೀರು ಹಿಡಿದು, ತಡಮಾಡದೆ ಮುಟ್ಟಿಸಬೇಕು. ನಮ್ಮ ಬಸ್ಸುಗಳ ಸಮಯ ಗೊತ್ತಿದ್ದವರಿಗೆ ಅದರ ಕಷ್ಟ ಗೊತ್ತು. ಯಜಮಾನರು ಬೈಕಿನಲ್ಲಿ ಒಯ್ದರು. ಅಷ್ಟರಲ್ಲಿ ಮಳೆ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, 2009ರ ನಂತರ ಇಷ್ಟು ಬೇಗ ಬಂದದ್ದಿಲ್ಲ ಎಂದು ಹವಾಮಾನದವರು ಹೇಳಿದ್ದರು. ಚಾಪೆಯಲ್ಲಿದ್ದ ಕೊನೆಯ ಸಾಲಿನ ಹಪ್ಪಳ ಬೂಸರು ಹಿಡಿದು ದನದ ಪಾಲಾಯಿತು. ಗುಡ್ಡದ ಹೊಸ ನೀರು ಸುರಂಗಕ್ಕೆ ಇಳಿದಿತ್ತು. ವರದಿಯಲ್ಲಿ ಕೋಲಿಫಾರ್ಮ್ ಇದೆ ಎಂದು ಬಂತು. ಕುಡಿಯುವ ನೀರಿನ ಮಾನದಂಡದಲ್ಲಿ ನೂರು ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಬೇಸಗೆಯಲ್ಲೇ ಪರೀಕ್ಷೆ ಮಾಡಿಸಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲವೇನೋ, ಆದರೆ ಆಗ ಪಂಚಾಯತಿನಿಂದ ಯಾರೂ ಅದನ್ನು ಕೇಳಿರಲಿಲ್ಲ.

ಮೂರು ತಲೆಮಾರು ಕುಡಿದ ನೀರಿಗೆ ರೋಗ ಎಂದದ್ದು ಅತ್ತೆಗೆ ಸೇರಲಿಲ್ಲ. ಎರಡು ದಿನ ಪ್ರಯೋಗಾಲಯದವರನ್ನು ಬೈದರು. ಬಾವಿಯಾದರೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಎಂಬ ಲೆಕ್ಕ ಆರೋಗ್ಯ ಇಲಾಖೆಯವರಿಗೆ ಬಾಯಿಪಾಠ. ಹರಿಯುವ ಸುರಂಗಕ್ಕೆ ಪೌಡರ್ ಹಾಕಿದರೆ ಅದು ಹರಿದೇ ಹೋಗುತ್ತದೆ. ಹಾಗಾಗಿ ಹಪ್ಪಳದ ಕೆಲಸಕ್ಕೆಂದೇ ಮುಚ್ಚಳವಿರುವ ಬೇರೆ ಟ್ಯಾಂಕು ಇಟ್ಟೆವು. ಅದಕ್ಕೆ ನೀರು ತುಂಬಿ, ಅಳತೆಯ ಪೌಡರ್ ಕಲಸಿ, ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಟ್ಟು ಬಳಸುವುದು. ಸುರಂಗದ ಬಾಯಿಗೆ ಕಬ್ಬಿಣದ ಬಲೆಯ ಬಾಗಿಲು ಬಂತು. ಬಾವಲಿಗಳು ಈಗ ಬೇರೆ ಎಲ್ಲೋ ಇವೆ. ಎರಡನೇ ವರದಿ ಸರಿಯಾಗಿ ಬಂತು. ಅತ್ತೆ ಮಾತ್ರ ಕುಡಿಯುವುದು ಇವತ್ತಿಗೂ ಹಳೆಯ ತೊಟ್ಟಿಯ ನೀರನ್ನೇ, ಕುದಿಸಿ.

ಭಾಷೆಯ ವಿಷಯ ಹೇಳದೆ ಈ ಕಥೆ ಮುಗಿಯುವುದಿಲ್ಲ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಮಲಯಾಳ ಮಾತಾಡಲು ತೊಂದರೆ ಇಲ್ಲ, ಓದಲು ಅಕ್ಷರಕ್ಕೆ ಅಕ್ಷರ ಕೂಡಿಸಬೇಕು. ಕಚೇರಿ ಮಲಯಾಳವಂತೂ ಮಲಯಾಳಿಗಳಿಗೂ ಕಷ್ಟವೇ. 1969ರ ಕೇರಳ ಅಧಿಕೃತ ಭಾಷಾ ಕಾನೂನಿನಲ್ಲಿ ನಮ್ಮಂಥ ಕಡೆ ಕನ್ನಡಿಗರು ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು ಎಂದಿದೆ. ಜಾಲತಾಣದ ಅರ್ಜಿಯನ್ನು ಸರ್ಕಾರಿ ಆನ್‌ಲೈನ್ ಕೆಲಸ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಮಲಯಾಳದಲ್ಲೇ ತುಂಬಿಸಿ, ಜತೆಗಿನ ವಿವರಣೆಯನ್ನು ನಾನೇ ಕನ್ನಡದಲ್ಲಿ ಬರೆದು ಲಗತ್ತಿಸಿದೆ. ನೀರಿನ ವರದಿ ಕೊಡಿ ಎಂಬ ನೋಟೀಸು ಬಂದದ್ದು ಮಲಯಾಳದಲ್ಲಿ. ಅದರ ಅಡಿಯಲ್ಲಿ ಉತ್ತರಿಸಲು ಕೊನೆಯ ದಿನಾಂಕವೂ ಇತ್ತು. ಓದಿ ಹೇಳಿದ್ದು ಏಳನೇ ತರಗತಿಯ ಮಗಳು.

ಕನ್ನಡ ಪ್ರತಿ ಕೊಡಿ ಎಂದು ಒಂದು ಹಾಳೆ ಬರೆದುಕೊಟ್ಟೆ. ಜಗಳವಾಡಲಿಲ್ಲ, ಸ್ವೀಕೃತಿಯ ಮುದ್ರೆ ಮಾತ್ರ ಹಾಕಿಸಿಕೊಂಡೆ. ಅದರ ಫಲ ಇಷ್ಟು: ಮುಂದಿನ ಪತ್ರವನ್ನು ಕಳಿಸುವ ಮೊದಲು ಕಚೇರಿಯ ಕನ್ನಡ ಬಲ್ಲ ಒಬ್ಬರಿಂದ ನನಗೆ ಫೋನು ಮಾಡಿಸಿ ವಿಷಯ ತಿಳಿಸಿದರು. ಕಾಗದ ಕನ್ನಡದಲ್ಲಿ ಬರಲಿಲ್ಲ. ಫೋನು ಉಪಕಾರ, ಕಾಗದ ಹಕ್ಕು. ಉಪಕಾರ ಮಾಡುವವರು ವರ್ಗವಾಗಿ ಹೋದ ಮೇಲೆ ಏನೂ ಉಳಿಯುವುದಿಲ್ಲ. ಮುದ್ರೆಯ ಹಾಳೆಯನ್ನು ತೆಗೆದಿಟ್ಟಿದ್ದೇನೆ.

ಪಕ್ಕದ ಮನೆಯ ಅಣ್ಣನ ದೂರು ಈ ನಡುವೆಯೇ. ಹೊಗೆ ಅವರ ಕಡೆಗೆ ಹೋಗುತ್ತದೆ, ಹಲಸಿನ ರೆಚ್ಚೆಯ, ಅಂದರೆ ಸಿಪ್ಪೆಯ, ರಾಶಿಯಿಂದ ವಾಸನೆ ಬರುತ್ತದೆ ಎಂದು ಮೆಂಬರರ ಬಳಿ ಹೇಳಿದ್ದರು. ಬರವಣಿಗೆಯಲ್ಲಿ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ವಿಚಾರಣೆ, ವರದಿ ಎಂದು ಎಳೆಯುತ್ತಿತ್ತು. ಹೊಗೆಯ ಮಾತು ನಿಜವೇ. ಗಾಳಿ ಪಡುವಣದಿಂದ ಬೀಸುವಾಗ ಅವರ ಜಗಲಿಗೇ ಹೋಗುತ್ತದೆ. ಒಲೆಗೆ ಎತ್ತರದ ಹೊಗೆ ಕೊಳವೆ ಹಾಕಿಸಿದೆವು. ರೆಚ್ಚೆ, ಗೂಂಜು, ಸಾರೆ ಎಂಬ ಹಲಸಿನ ಕಸದಲ್ಲಿ ದನ ತಿಂದು ಉಳಿದದ್ದು ಈಗ ಆಯಾ ದಿನವೇ ತೋಟದ ಗುಂಡಿಗೆ. ಮಾವ ಅವರ ಮನೆಗೆ ಹೋಗಿ ಎಲೆಯಡಕೆ ಹಾಕಿಕೊಂಡು ಮಾತಾಡಿ ಬಂದರು. ಏನು ಮಾತಾಡಿದರೋ, ಹೊಗೆಯ ವಿಷಯ ಅಲ್ಲವಂತೆ. ಅವರ ಮಗಳ ಮದುವೆಗೆ ಹಪ್ಪಳ ನಮ್ಮದೇ ಎಂದು ಮಾತ್ರ ತಿಳಿದುಬಂತು.

ಕರೆಂಟಿನದು ಬೇಗ ಮುಗಿಯಿತು. ಮನೆಯ ದರ ಎಲ್‌ಟಿ-1ಎ, ಕೈಗಾರಿಕೆಯದ್ದು ಎಲ್‌ಟಿ-4ಎ, ಅಂಗಡಿಯದ್ದು ಎಲ್‌ಟಿ-7ಎ. ಮನೆ ದರದ ಮೀಟರಿನಲ್ಲಿ ಮಾರಾಟದ ಯಂತ್ರ ಓಡಿಸಿ ಸಿಕ್ಕಿಬಿದ್ದರೆ ವಿದ್ಯುತ್ ಕಾನೂನಿನ 126ನೇ ಸೆಕ್ಷನ್ ಪ್ರಕಾರ ದಂಡದ ಬಿಲ್ಲು ಬರುತ್ತದೆ. ಜಗಲಿಗೆ ಬೇರೆ ಮೀಟರು ಹಾಕಿಸಿದೆವು. ಹಲಸಿನ ಕಾಲ ಮುಗಿದ ಮೇಲೂ ಅದರ ಸ್ಥಿರ ಶುಲ್ಕ ಕಟ್ಟುತ್ತಲೇ ಇರಬೇಕು ಎಂಬುದೊಂದೇ ಬೇಸರ.

ಆಹಾರದ ನಂಬ್ರದ ನೋಂದಣಿ ನಾನು ಹೆದರಿದಷ್ಟು ಇರಲಿಲ್ಲ. ವರ್ಷಕ್ಕೆ ಹನ್ನೆರಡು ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನವರಿಗೆ ಆಗ ಲೈಸೆನ್ಸ್ ಬೇಕಿರಲಿಲ್ಲ, ನೋಂದಣಿ ಸಾಕಿತ್ತು. ಶುಲ್ಕ ವರ್ಷಕ್ಕೆ ನೂರು ರೂಪಾಯಿ ಇತ್ತು. ಆದರೆ ಕೈ ಹಾಕುವವರಿಗೆಲ್ಲ ಹೆಲ್ತ್ ಕಾರ್ಡ್ ಬೇಕು. 2023ರಿಂದ ಕೇರಳದಲ್ಲಿ ಅದು ಕಡ್ಡಾಯ, ಟೈಫಾಯಿಡ್ ಲಸಿಕೆಯೂ ಸೇರಿ. ಅತ್ತೆ ಮಕ್ಕಳನ್ನು ಹೆರುವಾಗಲೂ ಆಸ್ಪತ್ರೆಯ ಮುಖ ನೋಡಿದವರಲ್ಲ. ಸೂಜಿ ಹಾಕಿಸಿಕೊಂಡು ಬಂದು, "ಇನ್ನು ನನ್ನ ಕೈಯ ಹಪ್ಪಳ ತಿಂದು ಯಾರಿಗಾದರೂ ಜ್ವರ ಬಂದರೆ ಅದು ಅವರದ್ದೇ ಜ್ವರ," ಎಂದರು.

ಲೇಬಲ್ಲಿನಲ್ಲಿ ಸಿಕ್ಕಿಹಾಕಿಕೊಂಡದ್ದು ತೂಕದ ಕಡೆ. ನಮ್ಮಲ್ಲಿ ಹಪ್ಪಳ ಎಣಿಕೆಯ ವ್ಯಾಪಾರ, ಇಪ್ಪತ್ತೈದರ ಕಟ್ಟು, ನೂರರ ಕಟ್ಟು. ಕಟ್ಟಿನ ಮೇಲೆ ಗ್ರಾಮಿನಲ್ಲಿ ತೂಕ ಬರೆಯಬೇಕು ಎಂದರು. ಕೈಯಲ್ಲಿ ಒತ್ತಿದ ಹಪ್ಪಳ ಒಂದರಂತೆ ಒಂದಿರುವುದಿಲ್ಲ, ಬಿಸಿಲು ಹೆಚ್ಚು ಕಂಡದ್ದು ಹಗುರ. ಈಗ ತಕ್ಕಡಿಯಲ್ಲಿ ತೂಗಿ ತುಂಬುತ್ತೇವೆ. ಎಣಿಕೆ ಕಟ್ಟಿನಿಂದ ಕಟ್ಟಿಗೆ ಒಂದೆರಡು ಹೆಚ್ಚುಕಡಿಮೆಯಾಗುತ್ತದೆ, ಹಳೆಯ ಗಿರಾಕಿಗಳು ಅದನ್ನು ಹಿಡಿದು ಕೇಳುತ್ತಾರೆ. ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮುದ್ರೆ ಬೇರೆ. ಹಸಿರು ಚುಕ್ಕೆ, ಬ್ಯಾಚ್ ನಂಬ್ರ, ಮಾಡಿದ ದಿನ, ಎಲ್ಲ ತೆರಿಗೆ ಸೇರಿ ಬೆಲೆ, ದೂರಿಗೆ ಫೋನ್ ನಂಬ್ರ ಇವನ್ನೆಲ್ಲ ತುಂಬಿದ ಮೇಲೆ ‘ಹಲಸಿನ ಹಪ್ಪಳ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಯಲು ಜಾಗ ಉಳಿಸಿಕೊಳ್ಳುವುದೇ ಸಾಹಸವಾಯಿತು. ಮಂಗಳೂರಿನ ಅಚ್ಚಿನವನು ಅಕ್ಷರ ಸಣ್ಣದು ಮಾಡೋಣ ಎಂದ. ಮಿಕ್ಕದ್ದನ್ನು ಎಷ್ಟು ಸಣ್ಣದು ಮಾಡಬಹುದೋ ಅಷ್ಟು ಮಾಡು, ಇದನ್ನು ಮುಟ್ಟಬೇಡ ಎಂದೆ.

ಪಂಚಾಯತಿನ ಕಾಗದ ಬಂದಾಗ ಆಟಿ ತಿಂಗಳ ಜಡಿಮಳೆ, ಮರದಲ್ಲಿ ಒಂದು ಹಲಸೂ ಇಲ್ಲ. ಬ್ಯಾಂಕಿನ ಸಾಲ ಅದಾದ ಮೇಲೆ ಆಯಿತು. ಕೇಂದ್ರದ ಕಿರು ಆಹಾರ ಉದ್ದಿಮೆ ಯೋಜನೆಯಲ್ಲಿ ಮೂವತ್ತೈದು ಶೇಕಡ ಸಹಾಯಧನ ಇದ್ದುದರಿಂದ ಯಂತ್ರದ ಭಾರ ತಡೆಯುವಂತಿದೆ.

ಗುಂಪಿನ ಅಕ್ಕಂದಿರಲ್ಲಿ ಒಬ್ಬರು ಈಗ ಮನೆಯಲ್ಲೇ ಮಿಡಿ ಉಪ್ಪಿನಕಾಯಿ ಶುರು ಮಾಡುವವರಿದ್ದಾರೆ. ಅವರದ್ದೂ ಸುರಂಗದ ಮನೆ. ಯಾವ ಕಾಗದ ಮೊದಲು ಎಂದು ಕೇಳಿದರು. ಮಿಕ್ಕದ್ದೆಲ್ಲ ಹಿಂದೆಮುಂದೆ ಆದರೂ ನಡೆದೀತು, ನೀರಿನ ಬಾಟಲಿಯನ್ನು ಮಾತ್ರ ಏಪ್ರಿಲ್ ತಿಂಗಳೊಳಗೆ ಒಯ್ಯಿ ಎಂದಿದ್ದೇನೆ.